ಪಿತ್ತಕೋಶದ ಗಾತ್ರವೂ ಕಲ್ಲುಗಳೂ

ದಾವಣಗೆರೆಗೆ ಹೋದವರು ಬೆಣ್ಣೆದೋಸೆಯ ರುಚಿ ನೋಡದೆ ಹಿಂದಿರುಗುವುದು ಅಪರೂಪ. ಆ ಬೆಣ್ಣೆಯಿಂದಲೇ ಪಿತ್ತಕೋಶದಲ್ಲಿ ಕಲ್ಲು ಬೆಳೆಯುವುದೆಂದು ಹೆದರಿ ತಟ್ಟೆಯನ್ನು ದೂರ ಸರಿಸುವವರೂ ಇಲ್ಲದಿಲ್ಲ. ಈ ಹೆದರಿಕೆಗೆ ಎಷ್ಟು ಆಧಾರವಿದೆಯೆಂಬುದನ್ನು ಪರಿಶೀಲಿಸೋಣ.

ಪಿತ್ತಕೋಶವು ಯಕೃತ್ತಿನ ಅಡಿಯಲ್ಲಿರುವ, ಎಳೆಯ ಬದನೆಕಾಯಿಯ ಆಕಾರದ ಚೀಲ. ಯಕೃತ್ತು ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಪಿತ್ತರಸವನ್ನು ಸ್ರವಿಸುತ್ತದೆ. ಚೀಲದಲ್ಲಿ ಹಿಡಿಸುವುದಾದರೋ ಸಾಮಾನ್ಯವಾಗಿ 30ರಿಂದ 50 ಮಿಲಿಲೀಟರು ಮಾತ್ರ. ಅದು ರಸದೊಳಗಿನ ನೀರನ್ನು ಹೀರಿ ಐದರಿಂದ ಹತ್ತು ಪಟ್ಟು ಸಾಂದ್ರಗೊಳಿಸುವುದರಿಂದ ಇಷ್ಟು ಸ್ಥಳವೇ ಸಾಕಾಗುತ್ತದೆ.

ಹೊಟ್ಟೆಯನ್ನು ಕೊಯ್ಯದೆ ಇದನ್ನು ಅಳೆಯುವುದು ಹೇಗೆ? ಕಿವಿಗೆ ಕೇಳಿಸದ ಶಬ್ದತರಂಗಗಳು ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರು ವೇಗದಿಂದ ಸಾಗಿ ಪ್ರತಿಧ್ವನಿಗಳಾಗಿ ಮರಳುತ್ತವೆ. ಮರಳಲು ಹಿಡಿದ ಕಾಲದಿಂದ ದೂರ ತಿಳಿಯುತ್ತದೆ. ಉದ್ದ, ಅಗಲ, ದಪ್ಪಗಳ ಗುಣಲಬ್ಧವನ್ನು 0.52ರಿಂದ, ಎಂದರೆ ಪೈಯ ಆರನೆಯ ಒಂದು ಭಾಗದಿಂದ, ಗುಣಿಸಿದರೆ ಘನಗಾತ್ರ ದೊರೆಯಿತು. ಉಪವಾಸದಲ್ಲಿ ಅಳತೆಗಳು 8, 3, 3 ಸೆಂಟಿಮೀಟರು ಇದ್ದರೆ ಸುಮಾರು 37 ಮಿಲಿಲೀಟರು. ಊಟದ ಬಳಿಕ ಅವು 6, 2, 2ಕ್ಕೆ ಇಳಿದರೆ ಉಳಿಯುವುದು ಹನ್ನೆರಡೂವರೆ. ನಾವು ಮುಖ್ಯವಾಗಿ ಗಮನಿಸಬೇಕಾದುದು ಈ ಎರಡನೆಯ ಸಂಖ್ಯೆಯನ್ನು.

ದೋಸೆಯ ಬೆಣ್ಣೆ ಸಣ್ಣ ಕರುಳನ್ನು ಮುಟ್ಟಿದೊಡನೆ, 1928ರಲ್ಲಿ ಐವಿ ಮತ್ತು ಓಲ್ಡ್‌ಬರ್ಗ್ ಕಂಡುಹಿಡಿದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತವನ್ನು ಸೇರುತ್ತದೆ; ಚೀಲ ಸಂಕುಚಿಸಿ ರಸವನ್ನು ಹೊರದೂಡುತ್ತದೆ. ಬೆಣ್ಣೆ ಚೀಲವನ್ನು ಬರಿದುಮಾಡುತ್ತದೆಯೇ ಹೊರತು ತುಂಬಿಸುವುದಿಲ್ಲ!

ಕಲ್ಲುಗಳಲ್ಲಿ ಬಹುಪಾಲು ಕೊಲೆಸ್ಟರಾಲಿನವು. ನೀರಿನಲ್ಲಿ ಕರಗದ ಈ ವಸ್ತುವನ್ನು ಪಿತ್ತಲವಣಗಳೂ ಲೆಸಿಥಿನ್ನೂ ಕರಗಿಸಿ ಹಿಡಿದಿರುತ್ತವೆ. ಈ ಹಿಡಿತದ ಮಿತಿಯನ್ನು ಅಡ್ಮಿರಾಂಡ್ ಮತ್ತು ಸ್ಮಾಲ್ 1968ರಲ್ಲಿ ಒಂದು ತ್ರಿಕೋನ ನಕ್ಷೆಯಲ್ಲಿ ತೋರಿಸಿದರು. ಮಿತಿ ಮೀರಿದರೂ ಹರಳುಗಟ್ಟಲು ಸಮಯ ಬೇಕು. ಕಲಕದೆ ಇಟ್ಟ ಪಾಕದಲ್ಲಷ್ಟೇ ಕಲ್ಲುಸಕ್ಕರೆ ಬೆಳೆಯುವುದು. ಹರಿಹರದ ಬಳಿ ತುಂಗಭದ್ರೆ ಬೇಸಿಗೆಯಲ್ಲಿ ಬಡವಾದಾಗ, ಗುಂಡಿಗಳಲ್ಲಿ ನಿಂತ ನೀರಿನ ತಳದಲ್ಲಿ ಕೆಸರು ಕೂಡುತ್ತದೆ. ಬರಿದಾಗದ ಪಿತ್ತಕೋಶದ ತಳದಲ್ಲಿಯೂ ಮೊದಲು ಕೂಡುವುದು ಇಂಥ ಗಸಿಯೇ.

ದೊಡ್ಡ ಮೈಕಟ್ಟಿನವರಲ್ಲಿ ಚೀಲವೂ ತುಸು ದೊಡ್ಡದು, ಅಷ್ಟರಿಂದಲೇ ಅಪಾಯವಿಲ್ಲ. ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಚೀಲದ ಸ್ನಾಯುವನ್ನು ಸಡಿಲಿಸುವುದರಿಂದ ಗಾತ್ರವೂ ಉಳಿಕೆಯೂ ಹೆಚ್ಚುತ್ತವೆ. ದೀರ್ಘಕಾಲದ ಮಧುಮೇಹದಲ್ಲಿಯೂ ಸಂಕೋಚನ ಕುಂದಬಹುದು. ಬೊಜ್ಜಿನವರಲ್ಲಿ ಯಕೃತ್ತು ಕೊಲೆಸ್ಟರಾಲನ್ನೇ ಅಧಿಕವಾಗಿ ಸ್ರವಿಸುತ್ತದೆ. ಬೆಣ್ಣೆಯ ಅಪರಾಧವೇನಾದರೂ ಇದ್ದರೆ ಅದು ಈ ಸುತ್ತುದಾರಿಯದು. ಆದರೆ ಬೊಜ್ಜನ್ನು ಅವಸರದಿಂದ ಇಳಿಸಲು ಉಪವಾಸ ಹಿಡಿಯುವ ತರುಣರು ಇನ್ನೊಂದು ತೊಡಕಿಗೆ ಸಿಲುಕುತ್ತಾರೆ. ಕರಗುವ ಕೊಬ್ಬಿನಿಂದ ಕೊಲೆಸ್ಟರಾಲು ಪಿತ್ತರಸಕ್ಕೆ ಹರಿಯುತ್ತದೆ. ಅದನ್ನು ಹೊರದೂಡುವ ಊಟವೇ ಇಲ್ಲ!

ಕಲ್ಲು ಆಗಲೇ ಇದ್ದು ನೋವು ಕೊಟ್ಟಿದ್ದರೆ ಮಾತು ಬೇರೆ. ಆಗ ಬೆಣ್ಣೆಯಿಂದ ಚೀಲ ಸಂಕುಚಿಸಿದಾಗ ಕಲ್ಲು ಅದರ ಕತ್ತಿನಲ್ಲಿ ಸಿಕ್ಕಿಕೊಳ್ಳಬಹುದು. ಅಂಥವರ ಹೆದರಿಕೆ ಸಕಾರಣವಾದುದು. ಕಲ್ಲಿರುವವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಬಲಪಕ್ಕೆಯ ಕೆಳಗಿನ ನೋವಿನೊಡನೆ ಜ್ವರವೋ ಕಾಮಾಲೆಯೋ ಸೇರಿದರೆ ಮಾತ್ರ ಅಂದೇ ಆಸ್ಪತ್ರೆಯನ್ನು ಸೇರಬೇಕು.