ವಿಳಾಸ ಹಂಚುವ ನೀರುಗಂಟಿ

ಕೆರೆಯ ನೀರನ್ನು ನೆಚ್ಚಿದ ಊರುಗಳಲ್ಲಿ ನೀರುಗಂಟಿಯ ಕೆಲಸ ಎಲ್ಲರಿಗೂ ಪರಿಚಿತವಾದುದು. ತೂಬನ್ನೆತ್ತಿ, ಸರದಿಯಂತೆ ಗದ್ದೆಗದ್ದೆಗೂ ನೀರು ಬಿಡುವವನು ಅವನು. ಸರದಿಯ ಲೆಕ್ಕ ತಪ್ಪಿದರೆ ಒಬ್ಬನ ಪೈರು ಒಣಗುತ್ತದೆ. ಇಬ್ಬರ ನಡುವೆ ಜಗಳ ಹುಟ್ಟುತ್ತದೆ. ಇಂದಿನ ಕಚೇರಿಗಳಲ್ಲಿಯೂ ಇಂಥ ನೀರುಗಂಟಿಯೊಬ್ಬನಿದ್ದಾನೆ. ಅವನು ಹಂಚುವುದು ನೀರನ್ನಲ್ಲ, ವಿಳಾಸಗಳನ್ನು. ಅವನ ಹೆಸರು ಡಿಎಚ್‌ಸಿಪಿ ಸರ್ವರ್.

ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಅಂಕಿಗಳಿಂದಾದ ಪ್ರತ್ಯೇಕ ವಿಳಾಸವೊಂದು ಬೇಕು. ಅದನ್ನು ಒಂದೊಂದು ಯಂತ್ರಕ್ಕೂ ಕೈಯಿಂದಲೇ ಬರೆಯುವ ಶ್ರಮವನ್ನು ತಪ್ಪಿಸಲು 1993ರಲ್ಲಿ ಡಿಎಚ್‌ಸಿಪಿ ಎಂಬ ನಿಯಮಾವಳಿ ಪ್ರಕಟವಾಯಿತು. 1997ರಲ್ಲಿ ಅದು ಪರಿಷ್ಕಾರಗೊಂಡಿತು. ಹೊಸದಾಗಿ ಬಂದ ಯಂತ್ರವು ‘ವಿಳಾಸ ಕೊಡುವವರು ಇದ್ದೀರಾ?’ ಎಂದು ಜಾಲದಲ್ಲಿ ಕೂಗುತ್ತದೆ. ಸರ್ವರು ಒಂದು ವಿಳಾಸವನ್ನು ಮುಂದಿಡುತ್ತದೆ. ಯಂತ್ರವು ಅದನ್ನೇ ಕೋರುತ್ತದೆ. ಸರ್ವರು ಸಮ್ಮತಿಸಿ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಈ ವಿಳಾಸ ದಾನವಲ್ಲ, ಗುತ್ತಿಗೆ. ಅವಧಿಯ ಅರ್ಧಭಾಗ ಕಳೆದಾಗ ಯಂತ್ರವು ಅದನ್ನು ನವೀಕರಿಸಲು ಮತ್ತೆ ಕೇಳುತ್ತದೆ.

ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದಂದಿನಿಂದ ಪಹಣಿಯು ಗಣಕಯಂತ್ರದಿಂದಲೇ ಅಚ್ಚಾಗಿ ಬರುತ್ತದೆ. ಧನಗೆರೆಯ ರೈತನೊಬ್ಬನು ಪಹಣಿಗಾಗಿ ಕೊಳ್ಳೇಗಾಲಕ್ಕೆ ಬಂದು ಕಚೇರಿಯ ಕಿಟಕಿಯೆದುರು ನಿಂತಿದ್ದಾನೆಂದು ಭಾವಿಸೋಣ. ಅಲ್ಲಿನ ಜಾಲದಲ್ಲಿ ಹಂಚಬಹುದಾದ ವಿಳಾಸಗಳು 254 ಇವೆ. ಬಂದುಹೋಗುವವರ ಮೊಬೈಲುಗಳೂ ಅವನ್ನೇ ಪಡೆದು, ದೀರ್ಘಾವಧಿಯ ಗುತ್ತಿಗೆಯಿಂದಾಗಿ ಎಲ್ಲವೂ ತೀರಿಹೋದರೆ, ಅಂದು ಬೆಳಿಗ್ಗೆ ಚಾಲೂ ಮಾಡಿದ ಗುಮಾಸ್ತನ ಯಂತ್ರಕ್ಕೆ ವಿಳಾಸವೇ ಸಿಗದು. ಪಹಣಿ ಅಚ್ಚಾಗದು, ರೈತನ ಒಂದು ದಿನದ ದುಡಿಮೆ ಹಾಳಾಗುವುದು. ಆದುದರಿಂದ ಉಳಿದ ವಿಳಾಸಗಳೆಷ್ಟು, ಒಂದೇ ವಿಳಾಸ ಇಬ್ಬರಿಗೆ ಹೋಗಿದೆಯೇ, ಅಪ್ಪಣೆಯಿಲ್ಲದ ಬೇರೊಂದು ಯಂತ್ರ ವಿಳಾಸ ಹಂಚುತ್ತಿದೆಯೇ ಎಂಬುದನ್ನು ಮೇಲ್ವಿಚಾರಕನು ದಿನವೂ ನೋಡಬೇಕು. ಮುದ್ರಣಯಂತ್ರದಂಥವುಗಳಿಗೆ ವಿಳಾಸವನ್ನು ಕಾಯ್ದಿರಿಸಬೇಕು. ಗುತ್ತಿಗೆಯ ದಾಖಲೆಯ ಪ್ರತಿಯೊಂದನ್ನು ಬೇರೆಡೆ ಇರಿಸಬೇಕು.

ಸರ್ವರಿಗೂ ನಿವೃತ್ತಿಯುಂಟು. ಇಂಟರ್‌ನೆಟ್ ಸಿಸ್ಟಮ್ಸ್ ಕನ್ಸಾರ್ಟಿಯಮ್ ಸಂಸ್ಥೆಯ ಡಿಎಚ್‌ಸಿಪಿ ತಂತ್ರಾಂಶವು ಬಹುಕಾಲ ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. 2022ರಲ್ಲಿ ಸಂಸ್ಥೆಯು ಅದರ ಪೋಷಣೆಯನ್ನು ನಿಲ್ಲಿಸಿ, ‘ಕೀಯಾ’ ಎಂಬ ಹೊಸ ತಂತ್ರಾಂಶಕ್ಕೆ ಸಾಗುವಂತೆ ಬಳಕೆದಾರರಿಗೆ ಸೂಚಿಸಿತು. ಇಂಥ ಸ್ಥಳಾಂತರಕ್ಕೆ ಕ್ರಮವಿದೆ. ಕೆಲವು ದಿನ ಮುಂಚಿತವಾಗಿಯೇ ಗುತ್ತಿಗೆಯ ಅವಧಿಯನ್ನು ತಗ್ಗಿಸಬೇಕು. ಆಗ ಯಂತ್ರಗಳು ಬೇಗಬೇಗನೆ ನವೀಕರಣಕ್ಕೆ ಬಂದು ಹೊಸ ಸರ್ವರಿನ ಪರಿಚಯ ಮಾಡಿಕೊಳ್ಳುವುವು. ಕಚೇರಿ ಮುಚ್ಚಿದ ಮೇಲೆ ಹಳೆಯದನ್ನು ನಿಲ್ಲಿಸಿ, ಕಾಯ್ದಿರಿಸಿದ ವಿಳಾಸಗಳನ್ನೂ ಚಾಲ್ತಿಯ ಗುತ್ತಿಗೆಗಳನ್ನೂ ಹೊಸದಕ್ಕೆ ವರ್ಗಾಯಿಸಿ, ಅನಂತರವೇ ಅದನ್ನು ಆರಂಭಿಸಬೇಕು. ಪರಸ್ಪರ ಲೆಕ್ಕವಿಲ್ಲದೆ ಎರಡೂ ಒಂದೇ ವಿಳಾಸಗಳನ್ನು ಹಂಚತೊಡಗಿದರೆ, ಒಂದು ತೂಬಿಗೆ ಇಬ್ಬರು ನೀರುಗಂಟಿಗಳು ನಿಂತಂತಾಗುವುದು. ಎಲ್ಲವೂ ಸರಿಯಿದೆಯೆಂದು ಖಚಿತವಾಗುವವರೆಗೆ ಹಳೆಯ ಯಂತ್ರವನ್ನು ಅಳಿಸಬಾರದು.

ಹಳೆಯ ನೀರುಗಂಟಿಯು ಕೆಲಸ ಬಿಡುವಾಗ ತೂಬನ್ನಷ್ಟೇ ಅಲ್ಲ, ಸರದಿಯ ಲೆಕ್ಕವನ್ನೂ ಒಪ್ಪಿಸಿ ಹೋಗಬೇಕು. ಹಾಗೆ ಒಪ್ಪಿಸಿದ ಕಚೇರಿಯಲ್ಲಿ ಮರುದಿನ ಬೆಳಿಗ್ಗೆ ಯಾರಿಗೂ ಯಾವ ಬದಲಾವಣೆಯೂ ತೋರದು. ಧನಗೆರೆಯ ರೈತನು ಪಹಣಿ ಪಡೆದು, ಮಧ್ಯಾಹ್ನಕ್ಕೆ ಮುನ್ನವೇ ಊರಿನ ಹಾದಿ ಹಿಡಿಯುವನು.