ಫ್ರೀ ಆದ ಮೆಮೊರಿ, ಉಳಿದುಹೋದ ಪಾಯಿಂಟರ್

ಬೆಂಗಳೂರಿನ ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಖಾಲಿ ಮಾಡಿದವರ ಹತ್ತಿರ ಹಳೆಯ ಕೀಲಿಕೈ ಉಳಿದಿದೆ, ಬೀಗ ಬದಲಾಗಿಲ್ಲ, ಒಳಗೆ ಬೇರೆ ಸಂಸಾರ ಬಂದಿದೆ. ಕರ್ನಲ್‌ನಲ್ಲಿ ಸ್ಟೇಲ್ ಪಾಯಿಂಟರ್ ಎಂದರೆ ಆ ಕೀಲಿಕೈ. ಮೆಮೊರಿ ಫ್ರೀ ಆಗಿ ಬೇರೆ ಕೆಲಸಕ್ಕೆ ಹೋಗಿರುತ್ತದೆ, ಅದರ ವಿಳಾಸ ಮಾತ್ರ ಇನ್ಯಾವುದೋ ಕೋಡಿನ ಕೈಯಲ್ಲಿ ಉಳಿದಿರುತ್ತದೆ.

ತಪ್ಪು ನಡೆಯುವುದು ಒಂದು ಕಡೆ, ಕ್ರ್ಯಾಶ್ ಆಗುವುದು ಇನ್ನೊಂದು ಕಡೆ. ಸ್ಲಬ್ ಡೀಬಗ್‌ನ ಪಾಯ್ಸನಿಂಗ್ ಆನ್ ಮಾಡಿದ್ದರೆ ಫ್ರೀ ಆದ ಜಾಗದಲ್ಲಿ ಕರ್ನಲ್ 6ಬಿ ಎಂಬ ಬೈಟ್ ತುಂಬಿಡುತ್ತದೆ. ಕ್ರ್ಯಾಶ್ ಆದಾಗ ಕರ್ನಲ್ ಬರೆಯುವ ಊಪ್ಸ್ ಲಾಗ್‌ನ ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ ಕಂಡರೆ, ಫ್ರೀ ಆದ ಮೆಮೊರಿಯನ್ನು ಮುಟ್ಟಿದೆ ಎಂಬ ಅನುಮಾನ ಬಹುಮಟ್ಟಿಗೆ ಖಚಿತ. ಲಿನಕ್ಸ್ 4.0ರಲ್ಲಿ, 2015ರಲ್ಲಿ, ಬಂದ ಕಾಸಾನ್ ಎಂಬ ಮೆಮೊರಿ ದೋಷ ಪತ್ತೆ ಸಾಧನ ಇನ್ನೂ ಮುಂದೆ ಹೋಗುತ್ತದೆ: ಮುಟ್ಟಿದ್ದು ಎಲ್ಲಿ, ಅಲೋಕೇಟ್ ಆದದ್ದು ಎಲ್ಲಿ, ಫ್ರೀ ಮಾಡಿದ್ದು ಎಲ್ಲಿ ಎಂದು ಮೂರೂ ಸ್ಟ್ಯಾಕ್ ಟ್ರೇಸ್ ಕೊಡುತ್ತದೆ. ಮೊದಲು ಓದಬೇಕಾದದ್ದು ಮೂರನೆಯದನ್ನು.

ಫ್ರೀ ಮಾಡಿದ ಮೇಲೆ ಪಾಯಿಂಟರನ್ನು ನಲ್ ಮಾಡಿ ಮುಗಿಸುವವರು ಬಹಳ. ಅದು ಅಳಿಸುವುದು ಒಂದೇ ಪ್ರತಿಯನ್ನು. ಇನ್ನೊಂದು ಸಿಪಿಯು ಆಗಲೇ ಓದಿಟ್ಟುಕೊಂಡದ್ದು ಹಾಗೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಓದುವವನು ಹಿಡಿದಿರುವ ಲಾಕ್‌ಗಾಗಿ ಫ್ರೀ ಮಾಡುವವನು ಕಾಯುತ್ತಾನೆಯೇ?

ಈ ಕಾಯುವಿಕೆಗೆ ಲಿನಕ್ಸ್‌ನಲ್ಲಿರುವ ಒಂದು ಮುಖ್ಯ ಉಪಾಯ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್). ಅದನ್ನು 2002ರಲ್ಲಿ 2.5 ಸರಣಿಗೆ ತಂದವರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ದೀಪಂಕರ್ ಸರ್ಮಾ ಪ್ರಮುಖರು. ಆರ್‌ಸಿಯು ರೀಡ್ ವಿಭಾಗದೊಳಗೆ ಇರುವವರು ಹೊರಬರುವ ತನಕ ಹಳೆಯ ಮೆಮೊರಿ ಫ್ರೀ ಆಗುವುದಿಲ್ಲ. ವಿಭಾಗದ ಹೊರಗಿದ್ದವರಿಗೆ ಈ ರಕ್ಷಣೆ ಇಲ್ಲ.

2023ರಲ್ಲಿ ಬಯಲಾದ ಸ್ಟ್ಯಾಕ್‌ರಾಟ್ ಎಂಬ ಲಿನಕ್ಸ್ ಭದ್ರತಾ ದೋಷ ಹುಟ್ಟಿದ್ದು ಈ ರಕ್ಷಣೆ ಇಲ್ಲದ ಕಡೆಯೇ. ಲಿನಕ್ಸ್ 6.1ರಲ್ಲಿ ಪ್ರಕ್ರಿಯೆಯ ಮೆಮೊರಿ ನಕ್ಷೆ ಮೇಪಲ್ ಟ್ರೀ ಎಂಬ ದತ್ತಾಂಶ ರಚನೆಗೆ ಬದಲಾಯಿತು. ಸ್ಟ್ಯಾಕ್ ಬೆಳೆಯುವಾಗ ಆ ನಕ್ಷೆಯನ್ನು ಕಾಯುವ ಎಂಮ್ಯಾಪ್ ಲಾಕನ್ನು ರೀಡ್‌ಗೆ ಮಾತ್ರ ಹಿಡಿದು ಟ್ರೀಯ ನೋಡನ್ನು ಬದಲಿಸಬಹುದಿತ್ತು. ಹಳೆಯ ನೋಡ್ ಆರ್‌ಸಿಯು ಮೂಲಕ ಫ್ರೀ ಆಗುತ್ತಿತ್ತು. ಅದೇ ಲಾಕನ್ನು ರೀಡ್‌ಗೆ ಹಿಡಿದ ಇನ್ನೊಬ್ಬ ಓದುಗ ಆರ್‌ಸಿಯು ವಿಭಾಗದಲ್ಲಿ ಇರಲಿಲ್ಲ, ಹಾಗಾಗಿ ಯಾರೂ ಅವನಿಗಾಗಿ ಕಾಯಲಿಲ್ಲ. ಪೀಕಿಂಗ್ ವಿಶ್ವವಿದ್ಯಾಲಯದ ರುಯಿಹಾನ್ ಲಿ ಇದನ್ನು ಜೂನ್‌ನಲ್ಲಿ ತಿಳಿಸಿದರು. ಲೈನಸ್ ಟೊರ್ವಾಲ್ಡ್ಸ್ ನೇತೃತ್ವದ ತಿದ್ದುಪಡಿಯಲ್ಲಿ, ಸ್ಟ್ಯಾಕ್ ಬೆಳೆಸುವ ಮುನ್ನ ರೈಟ್ ಲಾಕ್ ಹಿಡಿಯುವುದು ಕಡ್ಡಾಯವಾಯಿತು. ಅದಕ್ಕಾಗಿ ಹಲವು ಆರ್ಕಿಟೆಕ್ಚರ್‌ಗಳ ಪೇಜ್ ಫಾಲ್ಟ್ ಕೋಡನ್ನೂ ತಿದ್ದಬೇಕಾಯಿತು.

ತಿದ್ದುಪಡಿ 6.1.37, 6.3.11 ಮತ್ತು 6.4.1ರಲ್ಲಿದೆ. ಡಿಸ್ಟ್ರಿಬ್ಯೂಷನ್ ಕರ್ನಲ್ ಬಳಸುವವರು ಆವೃತ್ತಿ ಸಂಖ್ಯೆಯೊಂದನ್ನೇ ನಂಬದೆ, ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಈ ದೋಷದ ಗುರುತು ಸಂಖ್ಯೆ ಸಿವಿಇ-2023-3269 ಇದೆಯೇ ಎಂದು ಹುಡುಕಬೇಕು.