ಪ್ಯಾಂಟಿಗೆ ಅಂಟುವ ಕಪ್ಪು ಕಡ್ಡಿಗಳು

ಪ್ರಶ್ನೆ: ಮೂಡಿಗೆರೆ ಕಡೆ ಕಾಫಿ ತೋಟ ಸುತ್ತಿ ಬಂದರೆ ಪ್ಯಾಂಟಿನ ತುಂಬ ಕಪ್ಪು ಕಡ್ಡಿಗಳು. ಯಾವ ಗಿಡದವು? ಕೊಡವಿದರೂ ಯಾಕೆ ಬೀಳುವುದಿಲ್ಲ?

ಉತ್ತರ: ಹಳದಿ ಹೂವಿನ ಬೈಡೆನ್ಸ್ ಗಿಡದವು. ಸೂರ್ಯಕಾಂತಿ ಕುಟುಂಬದ, ಒಂದೇ ವರ್ಷ ಬಾಳುವ ಕಳೆ. ತೋಟಗಳಲ್ಲಿ ಕಾಣುವ ಬೈಡೆನ್ಸ್ ಪೈಲೋಸದ ತವರು ಅಮೆರಿಕದ ಉಷ್ಣವಲಯ. ಕಾಫಿಯಂತೆ ಇದೂ ಹೊರಗಿನಿಂದ ಬಂದದ್ದೇ, ಯಾರೂ ಕರೆಯದೆ! ನೀವು ಹೊತ್ತು ತಂದದ್ದು ಕಡ್ಡಿಯಲ್ಲ, ಬೀಜವಿರುವ ಕಾಯಿ. ಒಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿ: ತುದಿಯಲ್ಲಿ ಎರಡೋ ಮೂರೋ ಮುಳ್ಳು, ಮುಳ್ಳಿನ ಮೈತುಂಬ ಹಿಂದಕ್ಕೆ ತಿರುಗಿದ ಸಣ್ಣ ಮೊನೆಗಳು. ಮೀನಿನ ಗಾಳದ ಹಾಗೆ, ಒಳಹೋಗುವುದು ಸಲೀಸು, ಹೊರಬರುವುದು ಕಷ್ಟ. ‘ಬೈಡೆನ್ಸ್’ ಎಂದರೆ ಎರಡು ಹಲ್ಲಿನದು ಎಂದೇ ಅರ್ಥ.

ಇದರ ಜಾಣತನ ಇನ್ನೊಂದಿದೆ. ಒಂದೇ ಹೂವಿನಲ್ಲಿ ಎರಡು ಬಗೆಯ ಕಾಯಿ. ನಡುವಿನ ಉದ್ದನೆಯವು ಬಟ್ಟೆಯನ್ನೋ ದನದ ಮೈಯನ್ನೋ ಹತ್ತಿ ದೂರ ಹೋಗಿ ಬೇಗ ಮೊಳೆಯುತ್ತವೆ. ಅಂಚಿನ ಗಿಡ್ಡನೆಯವು ಮಣ್ಣಲ್ಲಿ ಕಾದು ತಡವಾಗಿ ಏಳುತ್ತವೆ. ಕಳೆ ತೆಗೆಸಿದ ಮೇಲೂ ಮತ್ತೆ ಹುಟ್ಟುವ ಗುಟ್ಟು ಇಲ್ಲಿದೆ. ಆಫ್ರಿಕದ ಹಲವೆಡೆ ಎಳೆ ಸೊಪ್ಪನ್ನು ಬೇಯಿಸಿ ತಿನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಸಿಗುವುದು ಬೈಗುಳ.

ಕಾಲುಚೀಲದಿಂದ ಕಿತ್ತದ್ದನ್ನು ಅಂಗಳಕ್ಕೆ ಎಸೆಯಬೇಡಿ, ಬಚ್ಚಲ ಒಲೆಗೆ ಹಾಕಿ.